ದೊಡ್ಡ ಕಂಪನಿಯ ವಿಟ್‌ಬಿಯರ್ ಇಷ್ಟ ಆಯ್ತು. ಇದರಲ್ಲಿ ತಪ್ಪೇನಿದೆ?

ಕಲ್ಪತರು_ನಾಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನವನು, ಆರು ವರ್ಷದಿಂದ ಬೆಂಗಳೂರಲ್ಲಿ ಕೆಲಸ. ಇಷ್ಟು ದಿನ ಬಿಯರ್ ಅಂದ್ರೆ ಚೆನ್ನಾಗಿ ತಣ್ಣಗಿರಬೇಕು, ಅಷ್ಟೇ ನನಗೆ ಗೊತ್ತಿದ್ದಿದ್ದು.

ಹೋದ ತಿಂಗಳು ತಂಗಿ ಮದುವೆ ಮುಗಿಸಿ, ತೋಟದ ಪಂಪ್‌ಹೌಸ್ ಹತ್ರ ಕೂತಿದ್ವಿ. ದೊಡ್ಡಪ್ಪನ ಮಗ ಬೆಂಗಳೂರಿಂದ ಕಿಂಗ್‌ಫಿಶರ್ ಅಲ್ಟ್ರಾ ವಿಟ್‌ಬಿಯರ್ ಅನ್ನೋ ಗೋಧಿ ಬಿಯರಿನ ಪಿಂಟ್‌ಗಳನ್ನ ತಂದಿದ್ದ. ಗ್ಲಾಸಿಗೆ ಬಗ್ಗಿಸಿದರೆ ತಿಳಿಯಾಗಿರಲಿಲ್ಲ. ಹಾಳಾಗಿದೆ ಅಂದುಕೊಂಡೆ. ಮೂಗಿನ ಹತ್ರ ತಂದಾಗ ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಒಂದು ಘಮ, ಹಿಂದೆಯೇ ಕೊತ್ತಂಬರಿ ಬೀಜದ್ದು. ನಮ್ಮಮ್ಮ ಹುಳಿಪುಡಿಗೆ ಹುರಿಯೋಕೆ ಮುಂಚೆ ಬೀಜ ಆರಿಸ್ತಾರಲ್ಲ, ಆ ಹಸಿ ವಾಸನೆ. ಬಿಯರಲ್ಲಿ ಇಂಥದ್ದು ಇರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ತುಂಬಾ ಇಷ್ಟ ಆಯ್ತು.

ಆಫೀಸಲ್ಲಿ ಹೇಳಿದ್ದಕ್ಕೆ ಇಬ್ಬರು ಗೆಳೆಯರು ಸಿಟ್ಟೇ ಮಾಡಿಕೊಂಡರು. ಕ್ರಾಫ್ಟ್ ಅಂದ್ರೆ ಸಣ್ಣ, ಸ್ವತಂತ್ರ ತಯಾರಕರ ಬಿಯರ್ ಅಂತೆ. "ಅದು ಕ್ರಾಫ್ಟ್ ಅಲ್ಲ, ಕ್ರಾಫ್ಟ್ ವೇಷ. ಅಂಥದ್ದಕ್ಕೆ ದುಡ್ಡು ಕೊಟ್ಟು ಸಣ್ಣವರ ಹೊಟ್ಟೆ ಮೇಲೆ ಹೊಡೀತೀಯ" ಅಂದರು. ನನಗೆ ನಿಜಕ್ಕೂ ಬೇಜಾರಾಯ್ತು. ಕುಡಿದು ಚೆನ್ನಾಗಿದೆ ಅನಿಸಿದ್ದು ತಪ್ಪಾ? ಈ ಸಿಟ್ಟು ಎಲ್ಲಿಂದ ಬರುತ್ತೆ? ತಿಳಿದವರು ಹೇಳಿ.

ಹನುಮಂತನಗರ_ಹಾಪ್ಸ್:

ಬ್ರದರ್, ನಿಮ್ಮ ನಾಲಿಗೆ ಮೇಲೆ ಯಾರಿಗೂ ತಕರಾರಿಲ್ಲ. ಸಿಟ್ಟು ಬೇರೆ ಕಡೆಯದ್ದು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾಯ್ತು, 2011ರಲ್ಲಿ ಬಿಯರ್ ಕ್ಲಬ್. ಎರಡೂ ತಾವೇ ಬಿಯರ್ ಮಾಡಿ ಬಡಿಸೋ ಪಬ್‌ಗಳು. ಆಗ ಅಲ್ಲಿಗೆ ಬಂದವರಿಗೆ "ಸರ್, ಇದು ಮಬ್ಬಾಗಿರೋದೇ ಸರಿ, ಕೆಟ್ಟಿಲ್ಲ" ಅಂತ ಪ್ರತಿ ಟೇಬಲ್ಲಿಗೂ ಹೋಗಿ ಹೇಳಬೇಕಿತ್ತು. ನಾನೇ ಕಿವಿಯಾರೆ ಕೇಳಿದ್ದೀನಿ. ಊರಿಗೆಲ್ಲ ರುಚಿ ಹತ್ತಿಸಿದವರು ಅವರು. ರುಚಿ ಹತ್ತಿದ ಮೇಲೆ ದೊಡ್ಡವರು ಅದೇ ಥರದ ಬಾಟಲ್ ತಂದರೆ, ಮೊದಲು ಬೆವರು ಸುರಿಸಿದವರ ಪರ ನಿಲ್ಲಬೇಕು ಅನ್ಸುತ್ತೆ. ನಿಮ್ಮ ಗೆಳೆಯರ ಮಾತು ಒರಟು. ಆದರೆ ಅದರ ಹಿಂದೆ ಇರೋದು ಪ್ರೀತಿ.

ಡೆನ್ವರ್_ಕನ್ನಡತಿ:

ಇದೇ ಜಗಳ ನಾನಿರೋ ಅಮೆರಿಕದ ಡೆನ್ವರ್‌ನಲ್ಲಿ 30 ವರ್ಷದಿಂದ ನಡೀತಿದೆ. ಇಲ್ಲಿ ಬ್ಲೂ ಮೂನ್ ಅಂತ ಒಂದು ಬೆಲ್ಜಿಯನ್ ಥರದ ಗೋಧಿ ಬಿಯರ್ ಇದೆ. 1995ರಲ್ಲಿ ಡೆನ್ವರ್‌ನ ಬೇಸ್‌ಬಾಲ್ ಮೈದಾನದೊಳಗಿನ ಸಣ್ಣ ಬ್ರೂವರಿಯಲ್ಲಿ ಹುಟ್ಟಿದ್ದು. ಮಾಡಿದವರು ಕೀತ್ ವಿಲಾ, ಬೆಲ್ಜಿಯಂಗೆ ಹೋಗಿ ಬಿಯರ್ ವಿದ್ಯೆಯಲ್ಲೇ ಡಾಕ್ಟರೇಟ್ ಮಾಡಿ ಬಂದವರು. ಆದರೆ ಆ ಬ್ರೂವರಿ ಕೂರ್ಸ್ ಅನ್ನೋ ದೊಡ್ಡ ಬಿಯರ್ ಕಂಪನಿಯದು. ಬಾಟಲ್ ಮೇಲೆ ಮಾತ್ರ "ಬ್ಲೂ ಮೂನ್ ಬ್ರೂಯಿಂಗ್ ಕಂಪನಿ" ಅಂತ ಬರೆದಿದ್ದರು, ಕೂರ್ಸ್ ಹೆಸರು ಇರಲಿಲ್ಲ. ಬಿಯರ್ ಪ್ರಿಯರಿಗೆ ಚುಚ್ಚಿದ್ದು ಇದೇ. ಕ್ರಾಫ್ಟ್ ಅಂತ ನಂಬಿ ಜಾಸ್ತಿ ದುಡ್ಡು ಕೊಟ್ಟೆ ಅಂತ 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಕೋರ್ಟಿಗೂ ಹೋದರು. ಕೋರ್ಟು ಕೇಸನ್ನ ವಜಾ ಮಾಡಿತು. 2017ರಲ್ಲಿ ಇಲ್ಲಿನ ಸಣ್ಣ ಬ್ರೂವರಿಗಳ ಸಂಘ, ಬ್ರೂವರ್ಸ್ ಅಸೋಸಿಯೇಷನ್, ತಲೆಕೆಳಗಾದ ಬಾಟಲಿನ ಚಿತ್ರ ಇರೋ ಒಂದು ಮುದ್ರೆ ತಂದಿತು. ಅದು ಇದ್ದರೆ ಸ್ವತಂತ್ರ ಬ್ರೂವರಿ ಅಂತ ಅರ್ಥ.

ನಿಮ್ಮ ಬಾಟಲ್ ಮೇಲೆ ಕಿಂಗ್‌ಫಿಶರ್ ಅಂತ ದೊಡ್ಡದಾಗೇ ಬರೆದಿದೆ ಅಲ್ವಾ? ಯಾರದು ಅಂತ ಬಚ್ಚಿಟ್ಟಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಜಗಳ ಅಲ್ಲಿಗೇ ಮುಗೀತು.

ಹೊಟ್ಟು_ಮತ್ತು_ಗೋಧಿ:

ನಾನು ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ 9 ವರ್ಷದಿಂದ ಬ್ರೂವರ್, ಅಂದ್ರೆ ಬಿಯರ್ ಮಾಡೋನು. ಸಣ್ಣವರ ಕಡೆಯವನು. ಆದರೂ ನಿಮ್ಮ ಗೆಳೆಯರ ಮಾತು ನಾನು ಒಪ್ಪಲ್ಲ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನಿಮಗೆ ಇಷ್ಟವಾದ ಈ ಶೈಲಿ ಇವತ್ತು ಬದುಕಿರೋದೇ ಪಿಯೆರ್ ಸೆಲಿಸ್ ಅನ್ನೋ ಒಬ್ಬ ಹಾಲು ಮಾರುವವರಿಂದ. ಹೂಗಾರ್ಡನ್ ಅನ್ನೋದು ಬೆಲ್ಜಿಯಂನ ಒಂದು ಊರು. ಅಲ್ಲಿ ವಿಟ್‌ಬಿಯರ್ ಮಾಡ್ತಿದ್ದ ಕೊನೇ ಬ್ರೂವರಿ 1957ರಲ್ಲಿ ಬಾಗಿಲು ಹಾಕಿತು. ಅದರ ಪಕ್ಕದಲ್ಲೇ ಬೆಳೆದ, ಹುಡುಗನಾಗಿದ್ದಾಗ ಅಲ್ಲಿ ಕೆಲಸಕ್ಕೆ ಕೈಜೋಡಿಸಿದ್ದ ಸೆಲಿಸ್, 1960ರ ದಶಕದಲ್ಲಿ ತಾವೇ ಅದನ್ನ ಮತ್ತೆ ಮಾಡೋಕೆ ನಿಂತರು. 1985ರಲ್ಲಿ ಬ್ರೂವರಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟೋಕೆ ದುಡ್ಡು ಸಾಲದೆ ಇಂಟರ್‌ಬ್ರೂ ಅನ್ನೋ ದೊಡ್ಡ ಕಂಪನಿಯ ಕೈ ಹಿಡಿದರು. ಕೊನೆಗೆ ಎಲ್ಲ ಅವರ ಪಾಲಾಯ್ತು. ಸೆಲಿಸ್ ಅಮೆರಿಕದ ಆಸ್ಟಿನ್‌ಗೆ ಹೋಗಿ 1992ರಲ್ಲಿ ಹೊಸದಾಗಿ ಶುರು ಮಾಡಿದರು. ಅಲ್ಲೂ ಮಿಲ್ಲರ್ ಅನ್ನೋ ದೊಡ್ಡ ಬಿಯರ್ ಕಂಪನಿ ಬಂದು ಪಾಲು ಕೊಂಡಿತು, ಕೆಲವು ವರ್ಷದಲ್ಲಿ ಅದೂ ಮುಚ್ಚಿತು. ಎರಡು ಸಲ ಕಟ್ಟಿ ಎರಡು ಸಲ ಕಳೆದುಕೊಂಡ ಮನುಷ್ಯ. ಅವರ ಬಗ್ಗೆ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತೆ.

ಇನ್ನೊಂದು ಮಾತು. 2005ರಲ್ಲಿ ಹೂಗಾರ್ಡನ್ ಬ್ರೂವರಿಯ ಒಡೆತನದ ದೊಡ್ಡ ಕಂಪನಿ ಈ ಬಿಯರ್ ತಯಾರಿಕೆಯನ್ನ ಹೂಗಾರ್ಡನ್‌ನಿಂದ ಬೇರೆ ಊರಿಗೆ ಸಾಗಿಸ್ತೀವಿ ಅಂತ ಹೊರಟಿತು. ಊರವರು ಪ್ರತಿಭಟನೆ ಮಾಡಿದರು. 2007ರಲ್ಲಿ ಕಂಪನಿ ಆ ತೀರ್ಮಾನ ಕೈಬಿಟ್ಟು ಅಲ್ಲೇ ಉಳೀತು. ಅಂದ್ರೆ ದೊಡ್ಡವರ ಕೈಗೆ ಹೋದ ಮೇಲೂ ಕುಡಿಯೋರ ಮಾತಿಗೆ ಬೆಲೆ ಇದೆ.

ಈಗ ಕೆಲಸದ ವಿಷಯ. ವಿಟ್‌ಬಿಯರ್‌ಗೆ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಮೊಳಕೆ ಬರಿಸದ ಗೋಧಿ ಹಾಕ್ತೀವಿ. ಮಬ್ಬು ಬರೋದು ಗೋಧಿಯ ಪ್ರೋಟೀನ್ ಮತ್ತು ತೇಲೋ ಯೀಸ್ಟ್‌ನಿಂದ. ಗೋಧಿಗೆ ಮೇಲು ಹೊಟ್ಟು ಇಲ್ಲದ್ದರಿಂದ ಬೇಯಿಸಿದ ಕಾಳು ಅಂಟಿನ ಥರ ಕೂತುಬಿಡುತ್ತೆ, ರಸ ಕೆಳಗಿಳಿಯಲ್ಲ. ಅದಕ್ಕೆ ಭತ್ತದ ಹೊಟ್ಟು ಬೆರೆಸ್ತೀವಿ. ನಮ್ಮಲ್ಲಿ ಮಂಡ್ಯ ಕಡೆಯ ರೈಸ್ ಮಿಲ್‌ನಿಂದ ಬರುತ್ತೆ. ಬಿಸಿನೀರಲ್ಲಿ ಎರಡು ಸಲ ತೊಳೆದು ಹಾಕಬೇಕು, ಇಲ್ಲಾಂದ್ರೆ ಧೂಳಿನ ರುಚಿ. ಕೊತ್ತಂಬರಿ ಬೀಜ 500 ಲೀಟರಿಗೆ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ. ಪುಡಿ ಮಾಡಬಾರದು, ಎರಡು ಹೋಳಾದರೆ ಸಾಕು. ಕುದಿ ಮುಗಿಯೋಕೆ ಐದು ನಿಮಿಷ ಇರುವಾಗ ಹಾಕಬೇಕು. ನನ್ನ ಎರಡನೇ ವರ್ಷದಲ್ಲಿ ಇಪ್ಪತ್ತು ನಿಮಿಷ ಮುಂಚೆ ಹಾಕಿಬಿಟ್ಟೆ. ಕಿತ್ತಳೆಯ ಘಮ ಪೂರ್ತಿ ಹಾರಿಹೋಗಿ ಸೋಪಿನ ವಾಸನೆ ಉಳೀತು. ಅಷ್ಟೂ ಬಿಯರ್ ಚೆಲ್ಲಿದ್ವಿ. ಡ್ರೈನ್ ಪೈಪಿನ ಹತ್ರ ನಿಂತು ಅದು ಹರಿದುಹೋಗೋದನ್ನ ನೋಡಿದ್ದು ಇವತ್ತಿಗೂ ಮರೆತಿಲ್ಲ.

ದೊಡ್ಡ ಕಂಪನಿಯ ಕಷ್ಟ ಬೇರೆ. ಬಾಟಲ್ ತಿಂಗಳುಗಟ್ಟಲೆ ಕೆಡಬಾರದು, ಬಿಸಿಲಲ್ಲಿ ಲಾರಿ ಓಡಿದರೂ ಪ್ರತಿ ಸಲ ಒಂದೇ ರುಚಿ ಬರಬೇಕು. ಅದೂ ವಿದ್ಯೆಯೇ, ಕೀಳಾಗಿ ನೋಡಬೇಡಿ. ಹಾಗೆ ಉಳಿಸೋಕೆ ಹೋದಾಗ ಹೊಸ ಬಿಯರಿನ ಹಸಿ ಘಮ ಒಂದಿಷ್ಟು ಹೋಗುತ್ತೆ. ನಮ್ಮದು ಟ್ಯಾಂಕಿನಿಂದ ನೇರ ಗ್ಲಾಸಿಗೆ. ಆದರೆ ಮೈಕ್ರೋಬ್ರೂವರಿ ಲೈಸೆನ್ಸ್ ಇರೋದು ಅಲ್ಲೇ ಮಾಡಿ ಅಲ್ಲೇ ಬಡಿಸೋಕೆ. ನಿಮ್ಮ ತೋಟದ ಪಂಪ್‌ಹೌಸ್‌ಗೆ ನನ್ನ ಬಿಯರ್ ಬರೋಕಾಗಲ್ಲ. ಆ ಬಾಟಲ್ ಬಂತು. ಕೊತ್ತಂಬರಿ ಘಮ ಮೊದಲು ಅಲ್ಲಿ ಸಿಕ್ಕಿತು ಅಂದ್ರೆ ನನಗೆ ಸಂತೋಷವೇ. 2015ರಲ್ಲಿ ಬಂದ ಬೀರಾ 91 ವೈಟ್ ಅನ್ನೋ ಬಾಟಲ್ ಗೋಧಿ ಬಿಯರ್ ಕುಡಿದು ನಮ್ಮ ಬಾಗಿಲಿಗೆ ಬಂದವರು ಬಹಳ ಜನ.

ನನ್ನ ಸಂಕಟ ಒಂದೇ. ಕಿಂಗ್‌ಫಿಶರ್ ಮಾಡೋ ಯುನೈಟೆಡ್ ಬ್ರೂವರೀಸ್‌ನಲ್ಲಿ 2021ರಿಂದ ಹೈನೆಕೆನ್ ಅನ್ನೋ ಡಚ್ ಬಿಯರ್ ಕಂಪನಿಗೆ ಅರ್ಧಕ್ಕಿಂತ ಜಾಸ್ತಿ ಪಾಲಿದೆ. ಅಷ್ಟು ಬಲ ಇರೋರ ಬಾಟಲಿನ ರುಚಿಯೇ "ಸರಿಯಾದ ವಿಟ್" ಅಂತ ಆಗಿಬಿಡಬಾರದು. ಹೋದ ವಾರ ಒಬ್ಬರು ನಮ್ಮ ಗ್ಲಾಸನ್ನ ವಾಪಸ್ ಕೊಟ್ಟರು, "ಇದು ವಿಟ್ ಥರ ಇಲ್ಲ, ಬಾಟಲಲ್ಲಿ ಬೇರೆ ಇರುತ್ತೆ" ಅಂತ. ಅದು ಮನಸ್ಸಿಗೆ ನಾಟಿತು. ನೀವು ಎರಡನ್ನೂ ಕುಡೀರಿ. ಸುಮ್ನೆ ಯಾರೋ ಹೇಳಿದರು ಅಂತ ಒಂದನ್ನ ಬಿಡಬೇಡಿ.

ಕಲ್ಪತರು_ನಾಡು:

ಸರ್, ಡೆನ್ವರ್ ಅಕ್ಕ, ಹನುಮಂತನಗರದವರು, ಎಲ್ಲರಿಗೂ ಥ್ಯಾಂಕ್ಸ್. ಸೆಲಿಸ್ ವಿಷಯ ರಾತ್ರಿ ಅಪ್ಪನಿಗೆ ಫೋನಲ್ಲಿ ಹೇಳಿದೆ. ಅವರೂ ಡೈರಿಗೆ ಹಾಲು ಹಾಕೋರು, ಕುಡಿಯೋರಲ್ಲ. "ಮತ್ತೆ ಕಟ್ಟಿದನಾ?" ಅಂತ ಎರಡು ಸಲ ಕೇಳಿದರು.

ಶನಿವಾರ ಆ ಗೆಳೆಯರನ್ನೇ ಕರೆದುಕೊಂಡು ಟಾಯ್ಟ್‌ಗೆ ಹೋಗಿ ಟಿನ್‌ಟಿನ್ ಕುಡೀತೀನಿ, ಅದೂ ಬೆಲ್ಜಿಯನ್ ವಿಟ್ ಅಂತೆ. ಸರ್, ಒಂದೇ ಅನುಮಾನ. ಗ್ಲಾಸಿಗೆ ಕಿತ್ತಳೆ ಹೋಳು ಸಿಕ್ಕಿಸಿ ಕೊಟ್ಟರೆ ಇಟ್ಟುಕೊಳ್ಳಲಾ, ತೆಗೆಯಲಾ?

ಹೊಟ್ಟು_ಮತ್ತು_ಗೋಧಿ:

ಮೊದಲನೇ ಗ್ಲಾಸಿಗೆ ಬೇಡ ಅನ್ನಿ. ಹಣ್ಣಿನ ರಸ ಬಿದ್ದರೆ ನೊರೆ ಇಳಿದುಹೋಗುತ್ತೆ, ಬಿಯರ್ ಒಳಗಿನ ಸಿಪ್ಪೆಯ ಘಮವೂ ಗೊತ್ತಾಗಲ್ಲ. ಐಸ್ ಥರ ತಣ್ಣಗಿದ್ದರೆ ಐದು ನಿಮಿಷ ಹಾಗೇ ಬಿಡಿ, ಆಮೇಲೆ ಮೂಸಿ ನೋಡಿ. ಎರಡನೇದಕ್ಕೆ ಹೋಳು ಹಾಕಿಸಿಕೊಳ್ಳಿ. ಯಾವುದು ಹಿಡಿಸಿತು ಅಂತ ಇಲ್ಲಿ ಬರೀರಿ, ಕಾಯ್ತಿರ್ತೀನಿ.