ಮಸ್ಟಾಂಗ್ ಜಿಟಿ, ಕ್ಯಾಮರೊ ಎಸ್‌ಎಸ್, ಚಾಲೆಂಜರ್ ಸ್ಕ್ಯಾಟ್ ಪ್ಯಾಕ್: ಕೊಟ್ಟ ಹಣಕ್ಕೆ ಯಾವುದು ತಕ್ಕದ್ದು?

ಟೆಕ್ಸಾಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. 2018ರಿಂದ 2020ರ ನಡುವೆ ತಯಾರಾದ ವಿ8 (ಎಂಟು ಸಿಲಿಂಡರ್) ಎಂಜಿನ್ನಿನ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಫೋರ್ಡ್‌ನ ಮಸ್ಟಾಂಗ್ ಜಿಟಿ, ಷೆವ್ರೊಲೆಯ ಕ್ಯಾಮರೊ ಎಸ್‌ಎಸ್, ಡಾಡ್ಜ್‌ನ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ ನನ್ನ ಕಣ್ಣಿಗೆ ಬಿದ್ದಿವೆ. ಹೊಸದಾಗಿದ್ದಾಗ ಈ ಮೂರರ ಆರಂಭಿಕ ಬೆಲೆಯೂ ಸುಮಾರು 35,000ದಿಂದ 40,000 ಡಾಲರ್ ಆಸುಪಾಸಿನಲ್ಲಿತ್ತು. ಮಸ್ಟಾಂಗ್‌ಗೆ 460, ಕ್ಯಾಮರೊಗೆ 455, ಚಾಲೆಂಜರ್‌ಗೆ 485 ಅಶ್ವಶಕ್ತಿ ಇರುವುದರಿಂದ ಚಾಲೆಂಜರ್ ಅನ್ನೇ ಆರಿಸುವುದು ಸರಿಯಲ್ಲವೇ? ದಿನವೂ ಕಚೇರಿಗೆ ಇದರಲ್ಲೇ ಹೋಗಬೇಕು, ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಕೂರಬೇಕು. ವರ್ಷಕ್ಕೆರಡು ಬಾರಿ ರೇಸ್ ಟ್ರ್ಯಾಕ್‌ಗೆ ಒಯ್ಯುವ ಆಸೆಯೂ ಇದೆ.

ಚಕ್ರಪಥ:
ಅಶ್ವಶಕ್ತಿಯ ಜೊತೆಗೆ ತೂಕವನ್ನೂ ನೋಡಿ ಸರ್. ಕ್ಯಾಮರೊ ಮತ್ತು ಮಸ್ಟಾಂಗ್ ಸುಮಾರು 1,680 ಕಿಲೋ ತೂಗಿದರೆ ಚಾಲೆಂಜರ್ 1,900 ಕಿಲೋ ದಾಟುತ್ತದೆ. ಅಂದರೆ ಮೊದಲಿನ ಎರಡರಲ್ಲಿ ಒಂದು ಅಶ್ವಶಕ್ತಿಯ ಪಾಲಿಗೆ 3.7 ಕಿಲೋ ಬಂದರೆ, ಚಾಲೆಂಜರ್‌ನಲ್ಲಿ ಹೆಚ್ಚುಕಡಿಮೆ 4 ಕಿಲೋ ಬರುತ್ತದೆ. ನೇರ ರಸ್ತೆಯಲ್ಲಿ ಈ ಅಂತರ ದೊಡ್ಡದೆನಿಸದಿದ್ದರೂ, ಆಸ್ಟಿನ್‌ನ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್‌ನಂತಹ ಟ್ರ್ಯಾಕ್‌ನಲ್ಲಿ ಉದ್ದನೆಯ ನೇರ ಹಾದಿ ಮುಗಿದು ಬ್ರೇಕ್ ಒತ್ತುವಾಗ ಆ ಇನ್ನೂರು ಕಿಲೋಗಳ ಹೊರೆಯೆಲ್ಲ ಬ್ರೇಕು ಮತ್ತು ಟೈರುಗಳ ಮೇಲೆಯೇ ಬೀಳುತ್ತದೆ. ತಿರುವುಗಳಲ್ಲಿ ಕ್ಯಾಮರೊಗೆ ಸಮನಾದುದು ಈ ಮೂರರಲ್ಲಿ ಮತ್ತೊಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಕ್ಯಾಡಿಲಾಕ್ ಎಟಿಎಸ್ ಕಾರಿನೊಂದಿಗೆ ಹಂಚಿಕೊಂಡ ಆಲ್ಫಾ ತಳಹದಿ ಅದರದು. ಸುಮಾರು 7,000 ಡಾಲರ್ ಹೆಚ್ಚಿಗೆ ತೆತ್ತರೆ ದೊರೆಯುತ್ತಿದ್ದ, ಟ್ರ್ಯಾಕ್‌ಗೆಂದೇ ರೂಪಿಸಿದ 1ಎಲ್‌ಇ ಪ್ಯಾಕೇಜಿನಲ್ಲಿ ರಸ್ತೆಗೆ ತಕ್ಕಂತೆ ಬಿಗಿತ ಬದಲಿಸಿಕೊಳ್ಳುವ ಮ್ಯಾಗ್ನೆಟಿಕ್ ಸಸ್ಪೆನ್ಷನ್ ಕೂಡ ಸೇರಿತ್ತು.

ಹೆದ್ದಾರಿ:
ತೂಕದ ಮಾತು ನಿಜವಾದರೂ ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ. ಕ್ಯಾಮರೊದ ಕಿಟಕಿಗಳು ಕಿರಿದು, ಹಿಂದಿನ ಸೀಟು ಇಕ್ಕಟ್ಟು, ಡಿಕ್ಕಿಯ ಜಾಗ ಸುಮಾರು 258 ಲೀಟರ್ ಮಾತ್ರ. ಚಾಲೆಂಜರ್‌ನಲ್ಲಿ ಐವರು ಕೂರಬಹುದು, ಡಿಕ್ಕಿ ಸುಮಾರು 459 ಲೀಟರ್. ಅದರ 6.4 ಲೀಟರ್ ಹೆಮಿ ಎಂಜಿನ್ ಹೆದ್ದಾರಿಯಲ್ಲಿ ದಣಿವರಿಯದೆ ಎಳೆಯುತ್ತದೆ. ದಿನನಿತ್ಯದ ಪ್ರಯಾಣಕ್ಕೆ ನಾನಾದರೆ ಇದನ್ನೇ ಆರಿಸುತ್ತೇನೆ.

ಚಕ್ರಪಥ:
ಮಗುವಿನ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಹಾಗಿದ್ದರೆ ದಿನನಿತ್ಯದ ಓಡಾಟ, ಟ್ರ್ಯಾಕ್ ಎರಡಕ್ಕೂ ಹೊಂದುವುದು ಮಸ್ಟಾಂಗ್. ಅದರ ಹಿಂದಿನ ಸೀಟೂ ವಿಶಾಲವೇನಲ್ಲ, ಆದರೆ ಡಿಕ್ಕಿ 382 ಲೀಟರ್ ಇದೆ. ಕ್ಯಾಮರೊ ಮತ್ತು ಚಾಲೆಂಜರ್‌ಗಳ ತಯಾರಿಕೆ 2023ರ ಡಿಸೆಂಬರ್‌ನಲ್ಲೇ ನಿಂತಿದ್ದು, ಮಸ್ಟಾಂಗ್ ಜಿಟಿಯ 5 ಲೀಟರ್ ಕೊಯೋಟಿ ಎಂಜಿನ್ ಮಾತ್ರ ಸುಧಾರಣೆಗೊಂಡು 2024ರ ಮಸ್ಟಾಂಗ್‌ನಲ್ಲೂ ಮುಂದುವರಿದಿದೆ.

ಟೆಕ್ಸಾಸ್ ಕನ್ನಡಿಗ:
ಇಬ್ಬರಿಗೂ ಧನ್ಯವಾದಗಳು. ಈ ಶನಿವಾರ 2019ರ ಮಸ್ಟಾಂಗ್ ಜಿಟಿಯೊಂದನ್ನು ನೋಡಲು ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಅದರಲ್ಲಿ ಪರ್ಫಾರ್ಮೆನ್ಸ್ ಪ್ಯಾಕ್ (ದೊಡ್ಡ ಬ್ರೇಕು ಮೊದಲಾದವುಗಳ ಐಚ್ಛಿಕ ಪ್ಯಾಕೇಜು) ಇದೆಯೆಂದು ಮಾರುವವರು ಹೇಳಿದ್ದಾರೆ. ಅದನ್ನು ಖಚಿತಪಡಿಸಿಕೊಳ್ಳುವುದು ಹೇಗೆ?

ಚಕ್ರಪಥ:
ಮುಂದಿನ ಚಕ್ರಗಳ ಒಳಗೆ ಇಣುಕಿ ನೋಡಿ. ಆರು ಪಿಸ್ಟನ್‌ಗಳ ಬ್ರೆಂಬೊ ಕಂಪನಿಯ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಕಾಣಬೇಕು. ಜೊತೆಗೆ ಕಾರು ಹೊಸದಾಗಿದ್ದಾಗ ಅಂಟಿಸಿದ್ದ ಬೆಲೆಚೀಟಿಯ ಪ್ರತಿಯನ್ನೂ ಕೇಳಿ ಪಡೆಯಿರಿ.