ಮನೆ ರಕ್ಷಣೆಗೆ ಎಆರ್-15: ಬ್ಯಾರೆಲ್ ಹಗುರ ಇರಬೇಕಾ, ಭಾರ ಇರಬೇಕಾ?

ಪ್ರಶ್ನೆ (ಟೆಕ್ಸಾಸ್ ಸದಸ್ಯರು):
ನಮಸ್ಕಾರ ಸರ್. ಮನೆಯ ರಕ್ಷಣೆಗೆಂದು 5.56 ಗುಂಡಿನ ಎಆರ್-15 ರೈಫಲ್ ಕೊಳ್ಳುತ್ತಿದ್ದೇವೆ. ನಾನು, ನನ್ನ ಹೆಂಡತಿ ಇಬ್ಬರೂ ಬಳಸುವಂತಿರಬೇಕು. ಬ್ಯಾರೆಲ್ (ನಳಿಕೆ) ಉದ್ದ 16 ಇಂಚು ಅಂತ ತೀರ್ಮಾನಿಸಿದ್ದೇವೆ. ಅಂಗಡಿಯಲ್ಲಿ ಪೆನ್ಸಿಲ್ (ತೆಳು), ಗವರ್ನಮೆಂಟ್ (ಮುಂಭಾಗ ಮಾತ್ರ ದಪ್ಪ), ಹೆವಿ (ಪೂರ್ತಿ ದಪ್ಪ) ಅಂತ ಮೂರು ಬಗೆಯ ಬ್ಯಾರೆಲ್ ತೋರಿಸಿ, ‘ಹೆವಿ ತಗೊಳ್ಳಿ, ಬಿಸಿಯಾದರೂ ಗುರಿ ಕದಲಲ್ಲ’ ಅಂದರು. ರೇಂಜ್‌ಗೂ ಇದನ್ನೇ ಒಯ್ಯುತ್ತೇವೆ, ತಿಂಗಳಿಗೆ 100–150 ಗುಂಡು. ಯಾವುದು ಸರಿ?

ಉತ್ತರ (ಗನ್‌ಸ್ಮಿತ್):
ನೀವು ಹೇಳಿದ ಬಳಕೆಗೆ ಹೆವಿ ಬೇಡ. ಪೆನ್ಸಿಲ್ ತಗೊಳ್ಳಿ, ಇಲ್ಲವೇ ಅದಕ್ಕಿಂತ ಸ್ವಲ್ಪ ದಪ್ಪದ, ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವ ಹಗುರ ಬ್ಯಾರೆಲ್ ತಗೊಳ್ಳಿ.

ತೂಕದ ಲೆಕ್ಕ ನೋಡಿ. 16 ಇಂಚಿನ ಪೆನ್ಸಿಲ್ ಬ್ಯಾರೆಲ್ ಸುಮಾರು 600–650 ಗ್ರಾಂ ತೂಗುತ್ತದೆ. ಗವರ್ನಮೆಂಟ್ 750–800 ಗ್ರಾಂ. ಹೆವಿ ಒಂದು ಕಿಲೋ ದಾಟುತ್ತದೆ. ಅಂದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತಿರ ಹತ್ತಿರ 400 ಗ್ರಾಂ ಅಂತರ. ತಕ್ಕಡಿಯಲ್ಲಿ ಇದು ದೊಡ್ಡದಾಗಿ ಕಾಣುವುದಿಲ್ಲ, ಆದರೆ ಈ ಭಾರ ಕೂರುವುದು ಎಡಗೈಯ ಆಚೆ, ಭುಜದಿಂದ ದೂರ. ಅದೇ 400 ಗ್ರಾಂ ಸ್ಟಾಕ್‌ನ ಕಡೆ ಇದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮುಂದಿದ್ದಾಗ ಮೂತಿ ತಿರುಗಿಸುವುದೂ ನಿಧಾನ, ತಿರುಗಿದ್ದನ್ನು ನಿಲ್ಲಿಸುವುದೂ ನಿಧಾನ.

ಮೇಲೆ ಇನ್ನೂ ಸೇರುವುದಿದೆ. ಗುಂಡು ತುಂಬಿದ 30ರ ಮ್ಯಾಗಜೀನ್ ಅಂದರೆ ಸುಮಾರು ಅರ್ಧ ಕಿಲೋ. ರೆಡ್ ಡಾಟ್ (ಕೆಂಪು ಚುಕ್ಕೆ ತೋರುವ ಗುರಿ ಸಾಧನ) ಮತ್ತು ಅದರ ಮೌಂಟ್, ಸ್ಲಿಂಗ್ (ಹೆಗಲ ಪಟ್ಟಿ), ಮುಂದೆ ಟಾರ್ಚ್. ಟಾರ್ಚ್ ಮಾತ್ರ ಬಿಡುವಂತಿಲ್ಲ, ಕತ್ತಲಲ್ಲಿ ಎದುರಿಗಿರುವುದು ಯಾರು ಅಂತ ನೋಡದೆ ಟ್ರಿಗರ್ ಮುಟ್ಟಲೇಬಾರದು. ಅದರ ಭಾರಕ್ಕೆ ಜಾಗ ಮಾಡಿಕೊಡಬೇಕಾದದ್ದು ಬ್ಯಾರೆಲ್.

ಈಗ ಬಿಸಿಯ ಮಾತು. ತೆಳು ಬ್ಯಾರೆಲ್ ಬೇಗ ಬಿಸಿಯಾಗುತ್ತದೆ ಎಂಬುದು ನಿಜ, ಬೇಗ ಆರುತ್ತದೆ ಎಂಬುದೂ ನಿಜ. ಉಕ್ಕನ್ನು ಕಡೆಯುವಾಗ ಒಳಗೆ ಬಿಗಿತ ಉಳಿದಿದ್ದರೆ ಬಿಸಿಗೆ ಅದು ಒಂದು ಕಡೆಗೆ ಎಳೆಯುತ್ತದೆ, ಗುಂಡು ಬೀಳುವ ಜಾಗ ಸರಿಯುತ್ತದೆ. ಬಿಡದೆ ಎರಡು ಮೂರು ಮ್ಯಾಗಜೀನ್ ಹಾರಿಸಿದ ಮೇಲೆ 100 ಗಜದಲ್ಲಿ 2 ಇಂಚು ಸರಿಯಿತು ಅಂತಲೇ ಇಟ್ಟುಕೊಳ್ಳಿ. ಮನೆಯೊಳಗಿನ ಅತಿ ಉದ್ದದ ನೋಟ 15 ಗಜ ಇದ್ದರೆ ಹೆಚ್ಚು. ಅಲ್ಲಿ ಅದು 0.3 ಇಂಚು. ಮನೆಯಲ್ಲಿ ಅಂಥ ಪ್ರಸಂಗ ಬಂದರೂ ಅಷ್ಟು ಗುಂಡು ಹಾರುವುದಿಲ್ಲ, ಬ್ಯಾರೆಲ್ ತಣ್ಣಗೇ ಇರುತ್ತದೆ.

ಹತ್ತಿರದಲ್ಲಿ ನಿಜವಾಗಿ ಗುರಿ ತಪ್ಪಿಸುವುದು ಬೇರೆ. ಎಆರ್‌ನಲ್ಲಿ ರೆಡ್ ಡಾಟ್ ಬ್ಯಾರೆಲ್‌ನ ನಡುಗೆರೆಗಿಂತ ಸುಮಾರು 2.6 ಇಂಚು ಮೇಲೆ ಕೂರುತ್ತದೆ. 50 ಗಜಕ್ಕೆ ಜೀರೋ ಮಾಡಿದ (ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ) ರೈಫಲ್ 7 ಗಜದಲ್ಲಿ ಚುಕ್ಕೆ ಇಟ್ಟ ಜಾಗಕ್ಕಿಂತ ಎರಡು ಇಂಚಿಗೂ ಹೆಚ್ಚು ಕೆಳಗೆ ಹೊಡೆಯುತ್ತದೆ. ಇದನ್ನು ಇಬ್ಬರೂ ರೇಂಜ್‌ನಲ್ಲಿ 5, 7, 10, 15 ಗಜಕ್ಕೆ ಕಾಗದದ ಮೇಲೆ ಹೊಡೆದು ನೋಡಿಕೊಳ್ಳಬೇಕು. ಬ್ಯಾರೆಲ್ ದಪ್ಪಕ್ಕಿಂತ ಇದು ನಿಮಗೆ ಎಷ್ಟೋ ಪಾಲು ಮುಖ್ಯ.

ಪ್ರಶ್ನೆ (ಅದೇ ಸದಸ್ಯರು):
ಅಂಗಡಿಯಲ್ಲಿ ಎತ್ತಿ ನೋಡಿದಾಗ ಮೂರೂ ಹೆಚ್ಚು ಕಡಿಮೆ ಒಂದೇ ಅನ್ನಿಸಿತು. ವ್ಯತ್ಯಾಸ ತಿಳಿಯೋದು ಹೇಗೆ?

ಉತ್ತರ:
ಐದು ಸೆಕೆಂಡು ಎತ್ತಿದರೆ ತಿಳಿಯುವುದಿಲ್ಲ. ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳು ಹಾಕಿ ಖಚಿತಪಡಿಸಿಕೊಳ್ಳಿ. ಅಂಗಡಿಯವರ ಅನುಮತಿ ಪಡೆದು, ಅವರು ಹೇಳಿದ ದಿಕ್ಕಿಗೇ ಮೂತಿ ಹಿಡಿದು, ಭುಜಕ್ಕಿಟ್ಟು ಪೂರಾ ಒಂದು ನಿಮಿಷ ನಿಲ್ಲಿ. ನಂತರ ಎಡಗೈ ಬಿಟ್ಟು, ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು ಸ್ಟಾಕನ್ನು ಭುಜಕ್ಕೆ ಒತ್ತಿಕೊಂಡು 20 ಸೆಕೆಂಡು ನಿಲ್ಲಿ. ತುರ್ತು ನೆರವಿನ 911ಗೆ ಫೋನ್ ಮಾಡುವಾಗ, ಬಾಗಿಲು ತೆಗೆಯುವಾಗ, ಮಗುವನ್ನು ಹಿಂದಕ್ಕೆ ತಳ್ಳುವಾಗ ಕೈಗಳ ಸ್ಥಿತಿ ಇದೇ. ಹೆವಿ ಬ್ಯಾರೆಲ್ ಆದರೆ ಮೂತಿ ನೆಲದ ಕಡೆ ಇಳಿಯತೊಡಗುತ್ತದೆ, ಬೆನ್ನು ಹಿಂದಕ್ಕೆ ಬಾಗುತ್ತದೆ. ನಿಮ್ಮ ಮನೆಯವರೂ ಇದನ್ನು ಮಾಡಲಿ. ಇಬ್ಬರಲ್ಲಿ ಯಾರ ತೋಳಿನ ಶಕ್ತಿ ಕಡಿಮೆಯೋ ಅವರಿಗೆ ಒಗ್ಗುವುದನ್ನೇ ಆರಿಸಿ.

ಪ್ರಶ್ನೆ (ಇನ್ನೊಬ್ಬರು):
ಸೈನ್ಯದಲ್ಲೇ ದಪ್ಪ ಬ್ಯಾರೆಲ್ ಹಾಕ್ತಾರಲ್ಲ ಸರ್? ಗವರ್ನಮೆಂಟ್ ಅಂದರೆ ನಡುವಿನ ದಾರಿ ಆಗಲ್ವಾ?

ಉತ್ತರ:
ಅಮೆರಿಕ ಸೈನ್ಯದ ಎಂ4ಎ1 ಬಂದೂಕಿಗೆ ದಪ್ಪ ಬ್ಯಾರೆಲ್ ಬಂದದ್ದು ಅದು ಪೂರ್ಣ ಆಟೋಮ್ಯಾಟಿಕ್ ಆದ್ದರಿಂದ. ನೂರಾರು ಗುಂಡು ಒಂದೇ ಸಮನೆ ಹಾರಿದರೆ ತೆಳು ಬ್ಯಾರೆಲ್ ಕೆಂಪಾಗಿ ಸೋಲುತ್ತದೆ. ಟ್ರಿಗರ್ ಒತ್ತಿದಾಗಲೊಮ್ಮೆ ಒಂದೇ ಗುಂಡು ಹಾರಿಸುವ ಮನೆಯ ಸೆಮಿ ಆಟೋಗೆ ಆ ಕಷ್ಟ ಇಲ್ಲ.

ಗವರ್ನಮೆಂಟ್ ನನಗೆ ಒಪ್ಪದ ಆಕಾರ. ಹ್ಯಾಂಡ್‌ಗಾರ್ಡ್ (ಎಡಗೈ ಹಿಡಿಯುವ ಕವಚ) ಒಳಗೆ, ಬಿಸಿ ಹೆಚ್ಚಿರುವ ಕಡೆ ಅದು ತೆಳು. ಬ್ಯಾರೆಲ್‌ನಿಂದ ಅನಿಲ ಹಿಂದಕ್ಕೆ ಕಳಿಸುವ ಗ್ಯಾಸ್ ಬ್ಲಾಕ್‌ನ ಮುಂದೆ, ಭಾರ ಬೇಡವಾದ ಕಡೆ ದಪ್ಪ. ಇದು ಸೈನ್ಯದ ಹಳೆಯ ಎಂ16ಎ2 ರೈಫಲ್ ಕಾಲದ ತೀರ್ಮಾನ. ಒಳಗಳತೆ ನೋಡುವ ಗೇಜ್ ಬ್ಯಾರೆಲ್‌ನಲ್ಲಿ ಸಿಕ್ಕಿಕೊಂಡಾಗ ಮುಂಭಾಗ ಬಾಗಿದೆ ಎಂದು ತಿಳಿದು ಅಲ್ಲಿ ದಪ್ಪ ಮಾಡಿದರು. ಗೇಜ್ ತಡೆಯುತ್ತಿದ್ದುದು ಗ್ಯಾಸ್ ಪೋರ್ಟ್ (ಅನಿಲ ಹೊರಬರುವ ತೂತು) ಬಳಿ ಅಂಟಿದ್ದ ಗುಂಡಿನ ತಾಮ್ರ ಎಂದು ಆಮೇಲೆ ಗೊತ್ತಾಯಿತು. ಈಗಾಗಲೇ ಇದ್ದರೆ ಬದಲಿಸುವ ಖರ್ಚು ಬೇಡ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಸದಾಗಿ ಕೊಳ್ಳುವಾಗ ಆರಿಸಿ ತರಬೇಕಾದ ಮಾಲಲ್ಲ.

ಪ್ರಶ್ನೆ (ಮತ್ತೊಬ್ಬರು):
ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕುವ ಯೋಚನೆ ಇದ್ದರೆ?

ಉತ್ತರ:
ಆಗ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಸಪ್ರೆಸರ್ ಎಂದರೆ ಬ್ಯಾರೆಲ್‌ನ ತುತ್ತತುದಿಗೆ 350–500 ಗ್ರಾಂ. ತೆಳು ಬ್ಯಾರೆಲ್ ಅದರ ಭಾರಕ್ಕೆ ಹೆಚ್ಚು ಬಾಗುತ್ತದೆ, ಹಾಕಿದಾಗ ಒಂದು ಜೀರೋ, ತೆಗೆದಾಗ ಇನ್ನೊಂದು ಜೀರೋ. ಮಧ್ಯಮ ದಪ್ಪದ್ದು ತಗೊಂಡು ಸಪ್ರೆಸರ್ ಹಾಕಿಯೇ ಜೀರೋ ಮಾಡಿ, ತೆಗೆಯಬೇಡಿ. ಇಲ್ಲದಿದ್ದರೆ ಬೆಂಕಿಯ ಮಿಂಚು ತಗ್ಗಿಸುವ ಮಾಮೂಲಿ ಎ2 ಫ್ಲ್ಯಾಶ್ ಹೈಡರ್ ಸಾಕು. ಒದೆತ ತಗ್ಗಿಸಲು ಮೂತಿಗೆ ಹಾಕುವ ಮಝಲ್ ಬ್ರೇಕ್ ಕೋಣೆಯೊಳಗೆ ಬೇಡವೇ ಬೇಡ. ಅದು ಸದ್ದನ್ನೂ ಒತ್ತಡವನ್ನೂ ಪಕ್ಕಕ್ಕೆ, ಹಿಂದಕ್ಕೆ ತಳ್ಳುತ್ತದೆ. 5.56ರ ಸದ್ದು ಹೇಗಿದ್ದರೂ 140 ಡೆಸಿಬಲ್ ಮೀರಿ ಕಿವಿಗೆ ಕಾಯಂ ಪೆಟ್ಟು ಕೊಡುವಂಥದ್ದು. ರೈಫಲ್ ಇಡುವಲ್ಲೇ ಎಲೆಕ್ಟ್ರಾನಿಕ್ ಇಯರ್‌ಮಫ್ ಇಟ್ಟಿರಿ.

ಪ್ರಶ್ನೆ (ನ್ಯೂಜೆರ್ಸಿ ಸದಸ್ಯರು):
ನಾನು ಎಚ್-1ಬಿ ಮೇಲಿದ್ದೇನೆ. ಕೊಳ್ಳಬಹುದಾ?

ಉತ್ತರ:
ಎಚ್-1ಬಿಯಂಥ ವಲಸೆಯೇತರ ವೀಸಾದವರು ಫೆಡರಲ್ ಕಾನೂನಿನಂತೆ ಬಂದೂಕನ್ನಷ್ಟೇ ಅಲ್ಲ, ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಮಾನ್ಯವಾದ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನಿಮ್ಮ ರಾಜ್ಯದ ಕಾನೂನು ಇದರ ಮೇಲೆ ಇನ್ನೂ ಬಿಗಿ. ಬಂದೂಕು ಕೊಳ್ಳುವಾಗ ತುಂಬುವ ಫಾರ್ಮ್ 4473ರಲ್ಲಿ ತಪ್ಪು ಬರೆದರೆ ಅದೇ ದೊಡ್ಡ ಅಪರಾಧ, ಆದ್ದರಿಂದ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಊರಿಂದ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿರುವ ಮನೆಗಳಲ್ಲಿ ಸೇಫ್‌ನ ಕೀಲಿ, ಕೋಡ್ ಅವರ ಕೈಗೆ ಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ (ಮೊದಲ ಸದಸ್ಯರು):
ಸರಿ ಸರ್, ಹಗುರವೇ ತಗೊಳ್ತೀವಿ. ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ:
ಬ್ಯಾರೆಲ್ ಮೇಲೆ ಚೇಂಬರ್ 5.56 ಅಂತ ಕೊರೆದಿರಲಿ. ಅದರಲ್ಲಿ .223 ಗುಂಡೂ ಹಾರಿಸಬಹುದು; .223 ಚೇಂಬರ್‌ನಲ್ಲಿ 5.56 ಹಾಕಿದರೆ ಒತ್ತಡ ಮಿತಿ ಮೀರಬಹುದು. ಬೋಲ್ಟನ್ನು ಹಿಂದಕ್ಕೆ ತಳ್ಳುವ ಗ್ಯಾಸ್ ವ್ಯವಸ್ಥೆ 16 ಇಂಚಿಗೆ ಮಿಡ್-ಲೆಂತ್ (ಮಧ್ಯಮ ಉದ್ದ) ಇರಲಿ, ಗಿಡ್ಡದಾದ ಕಾರ್ಬೈನ್ ಉದ್ದಕ್ಕಿಂತ ಒದೆತ ಮೆದು. ಹಗುರ ಬ್ಯಾರೆಲ್‌ನಲ್ಲಿ ಒದೆತ ಕೊಂಚ ಹೆಚ್ಚು ಅನ್ನಿಸುವುದರಿಂದ ಇದು ಇನ್ನೂ ಬೇಕು. ಟ್ವಿಸ್ಟ್ (ಒಳಗಿನ ಸುರುಳಿ ಗೀರು ಒಂದು ಸುತ್ತಿಗೆ ಎಷ್ಟು ಇಂಚು ಎಂಬುದು) 1:7 ಅಥವಾ 1:8 ಆದರೆ 55ರಿಂದ 77 ಗ್ರೇನ್ ತೂಕದವರೆಗೆ ಯಾವ ಗುಂಡಾದರೂ ನಡೆಯುತ್ತದೆ. ಒಳಗೆ ಕ್ರೋಮ್ ಲೇಪ ಅಥವಾ ನೈಟ್ರೈಡ್, ಎರಡೂ ಬಾಳಿಕೆ ಬರುತ್ತವೆ.

ಹ್ಯಾಂಡ್‌ಗಾರ್ಡ್ ಫ್ರೀ-ಫ್ಲೋಟ್ (ಬ್ಯಾರೆಲ್‌ಗೆ ತಾಗದಂತೆ ಬುಡದಲ್ಲಷ್ಟೇ ಕೂರುವಂಥದ್ದು) ಇರಲೇಬೇಕು. ತೆಳು ಬ್ಯಾರೆಲ್‌ಗೆ ಸ್ಲಿಂಗ್ ಎಳೆತ ನೇರವಾಗಿ ತಾಗಿದರೆ ತಣ್ಣಗಿದ್ದಾಗಲೂ ಗುರಿ ಸರಿಯುತ್ತದೆ, ಜನ ಅದನ್ನು ಬಿಸಿಯ ತಪ್ಪು ಅಂದುಕೊಳ್ಳುತ್ತಾರೆ.

ಬಿಡಿಬಿಡಿಯಾಗಿ ತರಿಸುವುದಾದರೆ ಗ್ಯಾಸ್ ಬ್ಲಾಕ್ ಅಳತೆಯಲ್ಲಿ ಎಡವಬೇಡಿ. ಪೆನ್ಸಿಲ್‌ಗೆ ಸಾಮಾನ್ಯವಾಗಿ .625 ಇಂಚು, ಉಳಿದ ಬಹುಪಾಲಿಗೆ .750, ದಪ್ಪದ್ದಕ್ಕೆ .936. ಪೆನ್ಸಿಲ್ ಮೇಲೆ .750 ಬ್ಲಾಕ್ ಹಾಕಿದರೆ ಸಡಿಲವಾಗಿ ಕೂತು ಗ್ಯಾಸ್ ಸೋರುತ್ತದೆ, ಬೋಲ್ಟ್ ಪೂರ್ತಿ ಹಿಂದಕ್ಕೆ ಬರದೆ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತದೆ. ಬ್ಯಾರೆಲ್ ಹಿಡಿದಿಡುವ ನಟ್ 30ರಿಂದ 80 ಅಡಿ-ಪೌಂಡ್ ಒಳಗೆ, ಗ್ಯಾಸ್ ಟ್ಯೂಬಿನ ತೂತು ಸರಿಹೊಂದದಿದ್ದರೆ ಬಿಗಿ ಮಾಡುತ್ತಲೇ ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಿ ಅಲ್ಲ. ಕೊನೆಗೆ ಗೋ, ನೋ-ಗೋ ಗೇಜ್‌ನಲ್ಲಿ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ಗುಂಡಿಗೆ ಉಳಿಯುವ ಜಾಗ) ನೋಡಿಸಿ.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅಮೆರಿಕದ ಮನೆಗಳ ಒಳಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಮ್ ಹಲಗೆ. ಯಾವ ಬ್ಯಾರೆಲ್ ಇದ್ದರೂ 5.56 ಗುಂಡು ಅದನ್ನು ತೂರಿ ಹೋಗುತ್ತದೆ. ರೈಫಲ್ ತರುವ ಮುಂಚೆಯೇ ಇಬ್ಬರೂ ಮನೆಯಲ್ಲಿ ನಡೆದಾಡಿ, ನೀವು ನಿಲ್ಲುವ ಜಾಗದಿಂದ ಯಾವ ದಿಕ್ಕಿನ ಗೋಡೆಯಾಚೆ ಮಕ್ಕಳ ಕೋಣೆ, ಯಾವ ದಿಕ್ಕಿನಲ್ಲಿ ಪಕ್ಕದ ಮನೆ ಅಂತ ಗುರುತಿಸಿಕೊಳ್ಳಿ. ಆ ದಿಕ್ಕಿಗೆ ಗುಂಡು ಹಾರಿಸುವಂತಿಲ್ಲ ಅಂತ ಮೊದಲೇ ತೀರ್ಮಾನ ಆಗಿರಲಿ.