ಕ್ಯಾರೆಟ್ ಸೊಪ್ಪು ಮೊಣಕಾಲುದ್ದ, ಗಡ್ಡೆ ಶುಂಠಿಯಂತೆ ಕವಲು: ಎಲ್ಲಿ ತಪ್ಪಿದೆ?

ಕೇಳಿದವರು (ಬೆಂಗಳೂರು, ತಾರಸಿ):
12 ಇಂಚು ಅಗಲ, 12 ಇಂಚು ಆಳದ ಕಪ್ಪು ಗ್ರೋ ಬ್ಯಾಗ್. ಅರ್ಧ ಕೆಮ್ಮಣ್ಣು, ಅರ್ಧ ಕೊಟ್ಟಿಗೆ ಗೊಬ್ಬರ. ಮಾರ್ಚಿಯಲ್ಲಿ ಹಾಕಿದ ಬೀಜ ನೂರಕ್ಕೆ ಹತ್ತೂ ಮೊಳೆಯಲಿಲ್ಲ. ಜೂನಿನಲ್ಲಿ ಟ್ರೇಯಲ್ಲಿ ಸಸಿ ಮಾಡಿ ನೆಟ್ಟಿದ್ದಕ್ಕೆ ಸೊಪ್ಪು ಬಂತು, ಗಡ್ಡೆಯೆಲ್ಲ ಕವಲು. ಸೆಪ್ಟೆಂಬರಿನಲ್ಲಿ ಮತ್ತೆ ಬಿತ್ತಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ತಿಳಿಸಿ.

ಮೈಸೂರು:
ಕವಲಿಗೆ ಎರಡು ಕಾರಣ ನಿಮ್ಮ ಪ್ರಶ್ನೆಯಲ್ಲೇ ಇವೆ. ಒಂದು, ಸಸಿ ಕಿತ್ತು ನೆಟ್ಟಿದ್ದು. ಕ್ಯಾರೆಟ್‌ನಲ್ಲಿ ನಾವು ತಿನ್ನುವುದೇ ತಾಯಿಬೇರು. ಅದರ ತುದಿ ಟ್ರೇಯ ತಳ ಮುಟ್ಟಿ ಮುರುಟಿದರೆ ಅಥವಾ ಕೀಳುವಾಗ ಮುರಿದರೆ ಪಕ್ಕದ ಬೇರುಗಳು ದಪ್ಪವಾಗುತ್ತವೆ. ಬದನೆ, ಟೊಮೆಟೊ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಬೀಜ ಬೆಳೆಯುವ ಜಾಗದಲ್ಲೇ ಬೀಳಬೇಕು. ಎರಡು, ಅರ್ಧಕ್ಕರ್ಧ ಗೊಬ್ಬರ. ಪೂರ್ತಿ ಕಳಿಯದ ಸಗಣಿ ಗೊಬ್ಬರ ತಗುಲಿದ ಕಡೆ ಬೇರು ಸೀಳುತ್ತದೆ, ಮೈತುಂಬ ಕೂದಲುಬೇರು ಬರುತ್ತದೆ. ಸಾರಜನಕ ಹೆಚ್ಚಾದರೆ ಸತ್ವವೆಲ್ಲ ಸೊಪ್ಪಿಗೆ ಹೋಗುತ್ತದೆ.

ಮಿಶ್ರಣ ಹೀಗಿರಲಿ: ಕೆಮ್ಮಣ್ಣು 4 ಪಾಲು, ತೊಳೆದ ಮರಳು 2, ತೊಳೆದು ಉಪ್ಪಿನಂಶ ತೆಗೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2, ಹಳೆಯ ಎರೆಗೊಬ್ಬರ 2. ಕೆಮ್ಮಣ್ಣನ್ನು ಜರಡಿ ಹಿಡಿಯಲೇಬೇಕು. ಕಡಲೆ ಗಾತ್ರದ ಕಲ್ಲು ಸಾಕು ಬೇರು ಸೊಟ್ಟಗಾಗಲು. ಚೀಲಕ್ಕೆ 50 ಗ್ರಾಂ ಬೇವಿನ ಹಿಂಡಿ, ಒಂದು ಹಿಡಿ ಸೌದೆ ಬೂದಿ. ನೀರು ಗಡಸಾಗಿದ್ದರೆ ಬೂದಿ ಬಿಟ್ಟುಬಿಡಿ, ಮಣ್ಣು ಕ್ಷಾರವಾಗುತ್ತದೆ. ತುಂಬಿಸಿದ ಮೇಲೆ ಎರಡು ಸಲ ನೀರು ಕೊಟ್ಟು, ಮಣ್ಣು ಕುಸಿದ ನಂತರ ಬಿತ್ತನೆ.

ಚಿಕ್ಕಬಳ್ಳಾಪುರ:
ಮಾರ್ಚಿಯದು ಬೀಜದ ತಪ್ಪೇ ಆಗಿರಬೇಕಿಲ್ಲ. ಬಿಸಿಲಿಗೆ ಕಾದ ಕಪ್ಪು ಚೀಲದಲ್ಲಿ ಮಣ್ಣು 35 ಡಿಗ್ರಿ ದಾಟಿದರೆ ಕ್ಯಾರೆಟ್ ಮೊಳೆಯುವುದು ಕಷ್ಟ. 20ರಿಂದ 25 ಡಿಗ್ರಿಯಲ್ಲಿ 7ರಿಂದ 10 ದಿನ ಸಾಕು, ತಂಪಾದರೆ ಎರಡು ವಾರ ದಾಟಬಹುದು. ಅಷ್ಟು ದಿನ ಮೇಲಿನ ಅರ್ಧ ಇಂಚು ಮಣ್ಣು ಒಂದು ಮಧ್ಯಾಹ್ನವೂ ಒಣಗಬಾರದು. ಹೆಚ್ಚಿನವರು ಸೋಲುವುದು ಇಲ್ಲೇ, ಗೊಬ್ಬರದಲ್ಲಿ ಅಲ್ಲ.

ಬೆರಳಿನಿಂದ 1 ಸೆಂ.ಮೀ. ಆಳಕ್ಕಿಂತ ಕಡಿಮೆ ಗೀರು ಎಳೆಯಿರಿ. ಚೀಲಕ್ಕೆ 30-35 ಬೀಜವನ್ನು ಒಂದು ಚಮಚ ಒಣ ಮರಳಿನಲ್ಲಿ ಕಲಸಿ ಉದುರಿಸಿ. ಗ್ರಾಂಗೆ ಸುಮಾರು 800 ಬೀಜ ಬರುತ್ತವೆ, ಬರಿಗೈಯಲ್ಲಿ ಹಾಕಿದರೆ ಗುಂಪು ಬೀಳುವುದು ಖಂಡಿತ. ಮೇಲೆ ಕೋಕೋಪೀಟ್ ಉದುರಿಸಿ (ಮಣ್ಣಾದರೆ ಹೆಪ್ಪುಗಟ್ಟುತ್ತದೆ), ಒದ್ದೆ ಗೋಣಿತಾಟು ಹೊದಿಸಿ. ಆರನೇ ದಿನದಿಂದ ಬೆಳಿಗ್ಗೆ ಸಂಜೆ ಎತ್ತಿ ನೋಡಿ. ಒಂದೇ ಒಂದು ಮೊಳಕೆ ಕಂಡರೂ ತಾಟು ತೆಗೆಯಿರಿ. ಒಂದು ದಿನ ತಡವಾದರೆ ಸಸಿ ಬಿಳಿಚಿಕೊಂಡು ಮಲಗುತ್ತದೆ. ಇರುವೆ ಬೀಜ ಹೊತ್ತೊಯ್ಯುವ ಮನೆಯಾದರೆ ಚೀಲವನ್ನು ಇಟ್ಟಿಗೆಗಳ ಮೇಲಿಟ್ಟು, ಇಟ್ಟಿಗೆಗಳು ನೀರು ತುಂಬಿದ ತಟ್ಟೆಯಲ್ಲಿರಲಿ.

ಕೇಳಿದವರು:
ಬೀಜಕ್ಕೆ ಗುಲಾಬಿ ಬಣ್ಣ ಇದೆ. ನೆನೆಸಬಹುದಾ ಸರ್?

ಚಿಕ್ಕಬಳ್ಳಾಪುರ:
ಬೇಡ. ಅದು ಬೂಷ್ಟುರೋಗ ತಡೆಯುವ ಔಷಧಿಯ ಲೇಪ, ತೊಳೆದುಹೋಗುತ್ತದೆ. ಕೈಗವಸು ಹಾಕಿಕೊಂಡು ಬಿತ್ತಿ. ಲೇಪವಿಲ್ಲದ ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಆರಿಸಿ ಹಾಕಬಹುದು. ಪೊಟ್ಟಣದ ಹಿಂದಿನ ದಿನಾಂಕ ನೋಡಿ, ಎರಡು ವರ್ಷ ದಾಟಿದ ಬೀಜದ ಮೇಲೆ ಭರವಸೆ ಬೇಡ.

ಧಾರವಾಡ:
ಹಿತ್ತಲದಾಗ ಎರಿಮಣ್ಣು (ಕಪ್ಪು ಜಿಗುಟು ಮಣ್ಣು) ಇದ್ದವ್ರಿಗೆ ಒಂದ್ ಮಾತು. ಎರಿಮಣ್ಣು ಒಣಗಿದ್ರ ಕಲ್ಲಿನಂಗ ಬಿಗೀತದ, ಗಜ್ಜರಿ ಕೆಳಗ ಇಳ್ಯಾಂಗಿಲ್ಲ. ಒಂದ್ ಅಡಿ ಎತ್ತರದ ಮಡಿ ಮಾಡಿ, ಮರಳು, ಕಳಿತ ಗೊಬ್ಬರ ಕಲಸ್ರಿ. ನೀರು ನಿಲ್ಲಬಾರದು. ಒಣಗಿಸಿ ಒಮ್ಮೆಲೆ ಜೋರ ನೀರು ಬಿಟ್ರ ಗಜ್ಜರಿ ಉದ್ದಕ್ಕ ಸೀಳತದ. ಕೆಂಪು ಗಜ್ಜರಿ ಹಾಕೋರು ತಡಾ ಮಾಡಬ್ಯಾಡ್ರಿ, ಲಗೂನ ಹೂವಿಗೆ ಬರತದ. ಹೂವಿನ ದಂಟು ಎದ್ದಿತು ಅಂದ್ರ ಗಡ್ಡಿ ನಾರಾತು.

ಮೈಸೂರು:
ತಳಿಯ ಮಾತು ಬಂದಿದ್ದಕ್ಕೆ: ಬೆಂಗಳೂರಿನ ಸೆಪ್ಟೆಂಬರಿನಿಂದ ನವೆಂಬರಿಗೆ ನಾಂಟಿಸ್ ಸರಿ. ಬಿಸಿ ಜಾಸ್ತಿ ಇರುವಲ್ಲಿ ಕುರೋಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸೂರಜ್ ನಮ್ಮ ಬಯಲುಸೀಮೆಯಲ್ಲೇ ಹೂಬಿಟ್ಟು ಬೀಜ ಕಟ್ಟುತ್ತದೆ, ಬೀಜ ಉಳಿಸಿಕೊಳ್ಳುವವರಿಗೆ ಅದೇ ಮೇಲು. ನಾಂಟಿಸ್‌ಗೆ ಹೂಬಿಡಲು ವಾರಗಟ್ಟಲೆ ಕಡುಚಳಿ ಬೇಕು. ಇಲ್ಲಿ ಎಷ್ಟು ಕಾದರೂ ಬೀಜ ಸಿಗದು.

ತುಮಕೂರು:
ಯಾರೂ ಸಸಿ ಕೀಳುವ ಬಗ್ಗೆ ಹೇಳಲಿಲ್ಲವಲ್ಲ. ಎರಡು ಮೂರು ಗರಿಎಲೆ ಬಂದಾಗ ಅರ್ಧ, ಇನ್ನೆರಡು ವಾರಕ್ಕೆ ಮಿಕ್ಕಿದ್ದರಲ್ಲಿ ಸೊರಗಿದವು. ಕೊನೆಗೆ ಗಿಡದಿಂದ ಗಿಡಕ್ಕೆ 2 ಇಂಚು, ನಿಮ್ಮ ಚೀಲದಲ್ಲಿ 12ರಿಂದ 15 ಗಿಡ. ಅಯ್ಯೋ ಪಾಪ ಅಂತ ಮೂವತ್ತೂ ಉಳಿಸಿದರೆ ಮೂವತ್ತೂ ಪೆನ್ಸಿಲ್ ಆಗುತ್ತವೆ. ಕೀಳುವುದಕ್ಕಿಂತ ಚಿಕ್ಕ ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸುವುದು ವಾಸಿ, ಪಕ್ಕದ ಬೇರು ಅಲುಗುವುದಿಲ್ಲ.

ಐದಾರು ವಾರಕ್ಕೆ ಗಡ್ಡೆಯ ತಲೆ ಮೇಲೆ ಕಾಣುತ್ತದೆ, ಮಣ್ಣು ಏರಿಸಿ ಮುಚ್ಚಿ. ಬಿಸಿಲು ತಗುಲಿದ ಭಾಗ ಹಸಿರಾಗಿ ಕಹಿಯಾಗುತ್ತದೆ. ನಾಂಟಿಸ್ 90-100 ದಿನ. ದಿನ ಎಣಿಸುವ ಬದಲು ತಲೆಯ ಮಣ್ಣು ಸರಿಸಿ ನೋಡಿ: ಒಂದು ಇಂಚು ದಪ್ಪ ಇದ್ದರೆ ಹಿಂದಿನ ದಿನ ನೀರು ಕೊಟ್ಟು ಕೀಳಿ. ಕಿತ್ತ ತಕ್ಷಣ ಸೊಪ್ಪು ಕತ್ತರಿಸಿ, ಇಲ್ಲದಿದ್ದರೆ ಅದು ಗಡ್ಡೆಯ ನೀರು ಹೀರಿ ಬಾಡಿಸುತ್ತದೆ. ಎಳೆ ಸೊಪ್ಪು ಚಟ್ನಿಗೆ ಆಗುತ್ತದೆ. ಫ್ರಿಜ್ಜಿನಲ್ಲಿ ಸೇಬು, ಬಾಳೆಯ ಪಕ್ಕ ಇಡಬೇಡಿ, ಅವುಗಳ ಹಣ್ಣಾಗುವ ಗಾಳಿಗೆ ಕ್ಯಾರೆಟ್ ಕಹಿಯಾಗುತ್ತದೆ.

ಕೇಳಿದವರು:
ತುಂಬಾ ಧನ್ಯವಾದ. ಹಳೆಯ ಮಣ್ಣನ್ನೇ ಬಳಸಬಹುದೇ? ಕಿತ್ತ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳೂ ಇದ್ದವು.

ತುಮಕೂರು:
ಗಂಟು ಇದ್ದರೆ ಅದು ಬೇರುಗಂಟು ಜಂತುಹುಳು, ಕವಲಿಗೆ ಅದೂ ಕಾರಣ. ಆ ಮಣ್ಣಿಗೆ ಈ ಸಲ ಕ್ಯಾರೆಟ್ ಬೇಡ, ಟೊಮೆಟೊ, ಬೆಂಡೆಯೂ ಬೇಡ. ಬೇರುಗಳನ್ನೆಲ್ಲ ಆಯ್ದು ತೆಗೆದು, ಬೇಸಿಗೆಯಲ್ಲಿ ಮಣ್ಣನ್ನು ತೇವ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಆಮೇಲೆ ಒಂದು ಬೆಳೆ ಚೆಂಡುಹೂ. ಸೆಪ್ಟೆಂಬರಿನ ಚೀಲಕ್ಕೆ ಹೊಸ ಮಣ್ಣು ತನ್ನಿ.